ಕೊರಳ ಬೇನೆಯೂ ನೆನಪಿನ ಗಂಟೂ

ಕನ್ನಡ ಶಾಲೆಯಲ್ಲಿ ಛಂದಸ್ಸನ್ನು ಕಲಿತವರಾರೂ ‘ಯಮಾತಾರಾಜಭಾನಸಲಗಂ’ ಎಂಬ ಮಾತನ್ನು ಮರೆತಿರಲಾರರು. ಅದಕ್ಕೆ ಅರ್ಥವಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. ಎಂಟು ಗಣಗಳ ಹೆಸರನ್ನೂ ಅವುಗಳ ಗುರುಲಘುಗಳ ಕ್ರಮವನ್ನೂ ಒಂದೇ ಉಸಿರಿನಲ್ಲಿ ಕಟ್ಟಿಟ್ಟು, ಬೇಕೆಂದಾಗ ಬಿಚ್ಚಿಕೊಡುವ ಪುಟ್ಟ ಗಂಟು ಅದು. ಮುಷ್ಟಿಯ ಗೆಣ್ಣುಗಳ ಮೇಲೆ ತಿಂಗಳ ದಿನಗಳನ್ನೆಣಿಸುವುದೂ, ರಾಗವಾಗಿ ಮಗ್ಗಿ ಒಪ್ಪಿಸುವುದೂ ಇದೇ ಜಾತಿಯವು. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ವಿದ್ಯೆಯ ಬಹುಭಾಗ ಉಳಿದು ಬಂದುದು ಇಂಥ ಗಂಟುಗಳಲ್ಲಿಯೇ.

ಈ ಗಂಟುಗಳ ಅವಶ್ಯಕತೆ ವೈದ್ಯನಿಗಿರುವಷ್ಟು ಇನ್ನಾರಿಗೂ ಇಲ್ಲವೆನ್ನಬಹುದು. ವ್ಯಾಕರಣದವನು ಸೂತ್ರವೊಂದನ್ನು ಮರೆತರೆ ಗ್ರಂಥವನ್ನು ತೆಗೆದು ನೋಡಿಯಾನು. ರೋಗಿ ಎದುರಿಗೆ ಕುಳಿತಿರುವಾಗ ವೈದ್ಯನಿಗೆ ಆ ವ್ಯವಧಾನವೆಲ್ಲಿ? ಆದುದರಿಂದ ಹಿಂದಿನ ಪಂಡಿತನಾಗಲಿ ಇಂದಿನ ವೈದ್ಯಕೀಯ ವಿದ್ಯಾರ್ಥಿಯಾಗಲಿ ಪಾಠವನ್ನು ಉರು ಹೊಡೆಯದೆ ಗತ್ಯಂತರವಿಲ್ಲ. ಆ ಪಾಠಗಳಲ್ಲಿ ಒಂದನ್ನು, ಎಂದರೆ ಕೊರಳಿನ ಥೈರಾಯಿಡ್ ಗ್ರಂಥಿಯ ರೋಗಗಳನ್ನು, ಜನ ಹೇಗೆ ನೆನಪಿಟ್ಟುಕೊಂಡು ಬಂದರು, ಆ ನೆನಪು ಯಾವುದನ್ನು ಉಳಿಸಿತು, ಯಾವುದನ್ನು ಬಿಟ್ಟಿತು ಎಂಬುದನ್ನು ವಿಚಾರ ಮಾಡಲು ಮೈಸೂರು ಜಿಲ್ಲೆಯ ಎರಡು ಊರುಗಳು ನಮಗೆ ಅನುಕೂಲವಾಗಿ ಒದಗುತ್ತವೆ. ಮೇಲೆ ನಂಜನಗೂಡು, ಅದೇ ಕಪಿಲೆಯನ್ನು ಹಿಡಿದು ಕೆಳಗೆ ಹೋದರೆ, ಅದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ.

ನಂಜನ್ನು ಉಂಡವನು ನಂಜುಂಡ. ಸಮುದ್ರಮಥನದಲ್ಲಿ ಎದ್ದ ಹಾಲಾಹಲವನ್ನು ಕುಡಿದು, ಅದನ್ನು ಒಡಲಿಗೂ ಇಳಿಸದೆ ಹೊರಕ್ಕೂ ಉಗುಳದೆ ಕೊರಳಿನಲ್ಲಿಯೇ ನಿಲ್ಲಿಸಿಕೊಂಡ ಶಿವನೇ ಇಲ್ಲಿಯ ಶ್ರೀಕಂಠೇಶ್ವರ. ಈ ದೇವರು ವೈದ್ಯನೆಂದೂ ಪ್ರಸಿದ್ಧ. ಟೀಪು ಸುಲ್ತಾನನ ಪಟ್ಟದಾನೆಗೆ ಕಣ್ಣುಬೇನೆ ಬಂದು, ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದೂ, ಸುಲ್ತಾನನು ಸಂತೋಷಪಟ್ಟು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಊರಿನವರು ಹೇಳುವ ಕಥೆ ಎಲ್ಲರೂ ಬಲ್ಲದ್ದೇ. ಚರ್ಮರೋಗದವರು ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡಿದರೆ ಗುಣವಾಗುತ್ತದೆಂಬ ನಂಬಿಕೆಯೂ ಹಳೆಯದು. ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದುದೂ ಈ ಊರಿನಲ್ಲಿಯೇ. ಅಲ್ಲಿ ತಯಾರಾದ ನಂಜನಗೂಡು ಹಲ್ಲುಪುಡಿಯನ್ನು ಕಾಣದ ಮನೆ ಹಿಂದಿನ ತಲೆಮಾರಿನ ಮೈಸೂರು ಸೀಮೆಯಲ್ಲಿ ವಿರಳ.

ಇಂಥ ಪಂಡಿತರ ಪರಂಪರೆಯಲ್ಲಿ ವೈದ್ಯವನ್ನು ಕಲಿಯುವುದೆಂದರೆ ಶ್ಲೋಕಗಳನ್ನು ಬಾಯಿಪಾಠ ಮಾಡುವುದು. ಯಾವ ಗ್ರಂಥದಲ್ಲಿ ಏನನ್ನು ಓದಬೇಕೆಂಬುದಕ್ಕೂ ಒಂದು ಶ್ಲೋಕವಿತ್ತು: ರೋಗನಿದಾನಕ್ಕೆ ಮಾಧವ, ಸೂತ್ರಸ್ಥಾನಕ್ಕೆ ವಾಗ್ಭಟ, ಶಾರೀರಕ್ಕೆ ಸುಶ್ರುತ, ಚಿಕಿತ್ಸೆಗೆ ಚರಕ ಶ್ರೇಷ್ಠರೆಂಬುದು ಅದರ ತಾತ್ಪರ್ಯ. ಈ ನಾಲ್ವರಲ್ಲಿ ಮಾಧವಕರನ ವಿಷಯ ನಮಗೆ ಇಲ್ಲಿ ಮುಖ್ಯ. ಸುಮಾರು ಏಳು ಎಂಟನೆಯ ಶತಮಾನದ ಈ ಪಂಡಿತನು ಹಳೆಯ ಸಂಹಿತೆಗಳಿಂದ ರೋಗಲಕ್ಷಣಗಳನ್ನು ಮಾತ್ರ ಆರಿಸಿ ಒಂದೆಡೆ ಜೋಡಿಸಿದನು. ಹಲವು ಶಾಸ್ತ್ರಗಳನ್ನು ಓದಲಾರದ, ಬುದ್ಧಿಬಲವೂ ಸಾಧಾರಣವಾಗಿರುವ ವೈದ್ಯರಿಗೆ ಸುಲಭವಾಗಿ ರೋಗ ತಿಳಿಯಲೆಂದೇ ಇದನ್ನು ಮಾಡಿದೆನೆಂದು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಟಿಪ್ಪಣಿ ಪುಸ್ತಕಗಳಿಗೆ ಇದಕ್ಕಿಂತ ಪ್ರಾಚೀನನಾದ ಕುಲಪುರುಷನನ್ನು ಹುಡುಕುವುದು ಕಷ್ಟ!

ಕೊರಳಿನ ಮುಂಭಾಗದಲ್ಲಿ ಜೋತು ಬೀಳುವ ಬಾವಿಗೆ ಆ ಗ್ರಂಥಗಳು ಕೊಟ್ಟ ಹೆಸರು ಗಳಗಂಡ. ಸುಶ್ರುತನು ಅದನ್ನು ವಾತ, ಕಫ, ಮೇದಸ್ಸುಗಳ ದೋಷದಿಂದ ಮೂರು ಬಗೆ ಮಾಡಿದ್ದಾನೆ. ಆ ವಿಂಗಡಣೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಯಾವ ಗಳಗಂಡವನ್ನು ಚಿಕಿತ್ಸೆ ಮಾಡದೆ ಕೈಬಿಡಬೇಕೆಂದು ಅವನು ಕೊಟ್ಟಿರುವ ಪಟ್ಟಿಯನ್ನು ನೋಡಿ: ಉಸಿರಾಟಕ್ಕೆ ಕಷ್ಟಪಡುವವನು, ಒಂದು ವರ್ಷ ಮೀರಿದ ಬಾವುಳ್ಳವನು, ಅನ್ನ ರುಚಿಸದವನು, ಮೈ ಸವೆದವನು, ದನಿ ಒಡೆದವನು. ಇಂದಿನ ಶಸ್ತ್ರವೈದ್ಯನೂ ಕೊರಳ ಗಡ್ಡೆಯನ್ನು ಕಂಡೊಡನೆ ಕೇಳುವ ಪ್ರಶ್ನೆಗಳಲ್ಲಿ ಕೆಲವು ಇವೇ. ಗಡ್ಡೆ ಶ್ವಾಸನಾಳವನ್ನು ಒತ್ತಿದರೆ ಉಸಿರು ಕಟ್ಟುತ್ತದೆ. ದನಿಯ ನರವನ್ನು ಅರ್ಬುದ ಆಕ್ರಮಿಸಿದರೆ ದನಿ ಒಡೆಯುತ್ತದೆ. ಕಾರಣ ತಿಳಿಯದಿದ್ದರೂ ಕಣ್ಣಿಗೆ ಬಿದ್ದುದನ್ನು ಆತ ಸರಿಯಾಗಿಯೇ ಕಂಡಿದ್ದನು. ಛಂದಸ್ಸು ಅದನ್ನು ಎರಡು ಸಾವಿರ ವರ್ಷದ ಮಟ್ಟಿಗೆ ಕೆಡದಂತೆ ಕಾಪಾಡಿತು.

ಅದೇ ಸುಶ್ರುತಸಂಹಿತೆಯಲ್ಲಿ ನದಿಗಳ ನೀರನ್ನು ಕುರಿತು ಇನ್ನೊಂದು ಪಟ್ಟಿ ಉಂಟು. ಯಾವ ಬೆಟ್ಟದಲ್ಲಿ ಹುಟ್ಟಿದ ನದಿಯ ನೀರು ಯಾವ ರೋಗವನ್ನು ತರುತ್ತದೆಂಬುದು ಅದರ ವಿಷಯ. ಮಲಯದಲ್ಲಿ ಹುಟ್ಟಿದವು ಕ್ರಿಮಿಯನ್ನೂ, ಮಹೇಂದ್ರದಲ್ಲಿ ಹುಟ್ಟಿದವು ಆನೆಕಾಲನ್ನೂ, ಹಿಮವತ್ಪರ್ವತದಲ್ಲಿ ಹುಟ್ಟಿದವು ಇತರ ರೋಗಗಳ ಜೊತೆಗೆ ಗಳಗಂಡವನ್ನೂ ತರುತ್ತವಂತೆ. ಈ ಕೊನೆಯ ಮಾತು ಓದುಗರನ್ನು ಬೆರಗುಗೊಳಿಸುವಂಥದು. ಹಿಮಾಲಯದ ತಪ್ಪಲು ಜಗತ್ತಿನಲ್ಲಿಯೇ ಗಳಗಂಡದ ದೊಡ್ಡ ನೆಲೆಗಳಲ್ಲಿ ಒಂದೆಂಬುದನ್ನು ಇಪ್ಪತ್ತನೆಯ ಶತಮಾನದ ವೈದ್ಯರು ಊರೂರು ತಿರುಗಿ ಗೊತ್ತುಮಾಡಿದರು. ರಾಬರ್ಟ್ ಮೆಕ್‌ಕ್ಯಾರಿಸನ್ ಗಿಲ್ಗಿಟ್ಟಿನಲ್ಲಿ ಒಂದೇ ತೊರೆಯ ನೀರು ಕುಡಿಯುವ ಹಳ್ಳಿಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಮುಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆಗೆ ಹೆಸರಾದವನು ಇವನೇ. ಬಳಿಕ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಪ್ರಯೋಗದಿಂದ, ಉಪ್ಪಿಗೆ ಅಯೋಡಿನ್ ಸೇರಿಸಿದರೆ ಗಳಗಂಡ ಇಳಿಮುಖವಾಗುತ್ತದೆಂಬುದು ನಮ್ಮ ದೇಶದಲ್ಲಿಯೂ ಸಿದ್ಧವಾಯಿತು. ಮಳೆ, ಹಿಮ, ಪ್ರವಾಹಗಳು ಮಣ್ಣಿನ ಅಯೋಡಿನ್ನನ್ನು ಶತಮಾನಗಳಿಂದ ತೊಳೆದು ಸಮುದ್ರಕ್ಕೆ ಸೇರಿಸಿರುವುದೇ ಬೆಟ್ಟದ ಸೀಮೆಯ ಈ ಕೊರತೆಗೆ ಕಾರಣ.

ಹಾಗಾದರೆ ಹಳೆಯ ಪಟ್ಟಿಯೆಲ್ಲವೂ ಸತ್ಯವೇ? ಇಲ್ಲಿ ನಂಜನಗೂಡಿನವರು ಸ್ವಲ್ಪ ತಡೆದು ಕೇಳಬೇಕು. ಅದೇ ಪಟ್ಟಿಯ ಪ್ರಕಾರ ಸಹ್ಯಾದ್ರಿಯಲ್ಲಿ ಹುಟ್ಟಿದ ನದಿಗಳು ಕುಷ್ಠವನ್ನು ಉಂಟುಮಾಡುತ್ತವೆ. ಕಪಿಲೆ ವಯನಾಡಿನಿಂದ ಬರುವವಳು, ಕಾವೇರಿ ಕೊಡಗಿನಿಂದ. ಇಬ್ಬರೂ ಸಹ್ಯಾದ್ರಿಯ ಮಕ್ಕಳು. ಆಯುರ್ವೇದದಲ್ಲಿ ಕುಷ್ಠವೆಂದರೆ ಚರ್ಮವ್ಯಾಧಿಗಳಿಗೆಲ್ಲ ಸಲ್ಲುವ ಹೆಸರು. ಚರ್ಮವ್ಯಾಧಿ ಕಳೆಯಲೆಂದು ಜನ ಯಾವ ನೀರಿಗೆ ಇಳಿಯುತ್ತಿದ್ದರೋ ಆ ನೀರೇ ಅದನ್ನು ತರುತ್ತದೆಂದು ಸಂಹಿತೆ ಹೇಳುತ್ತಿದೆ! ಶಾಸ್ತ್ರ ಒಂದು, ಕ್ಷೇತ್ರದ ನಂಬಿಕೆ ಇನ್ನೊಂದು. ಎರಡನ್ನೂ ನಮ್ಮ ಹಿರಿಯರು ಒಟ್ಟಿಗೆ ನೆನಪಿಟ್ಟುಕೊಂಡಿದ್ದರು. ಅಷ್ಟೇಕೆ, ಸಹ್ಯಾದ್ರಿಯ ಮಡಿಲಾದ ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ ಗಳಗಂಡವಿದೆಯೆಂಬುದು ಇಪ್ಪತ್ತನೆಯ ಶತಮಾನದ ಸಮೀಕ್ಷೆಗಳಿಂದ ಬೆಳಕಿಗೆ ಬಂದಿತು. ಪಟ್ಟಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ಬಾಯಿಪಾಠದ ಗುಣವೂ ದೋಷವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಪರೀಕ್ಷೆಗೆ ನಿಲ್ಲುವ ಮಾತು, ನಿಲ್ಲದ ಮಾತು ಎರಡೂ ಒಂದೇ ಲಯದಲ್ಲಿ ಹರಿದು ಬರುತ್ತವೆ. ಉರು ಹೊಡೆದವನಿಗೆ ಎರಡೂ ಸಮಾನವಾಗಿ ಸತ್ಯವೆನಿಸುತ್ತವೆ. ಬೇರ್ಪಡಿಸಲು ಊರೂರು ತಿರುಗುವ ಕಾಲು ಬೇಕು, ನೋಡುವ ಕಣ್ಣು ಬೇಕು.

ಕನ್ನಡದಲ್ಲಿಯೂ ವೈದ್ಯವನ್ನು ಪದ್ಯದಲ್ಲಿ ಹಿಡಿದಿಟ್ಟವರು ಕಡಮೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ಹೆಸರಿನಿಂದ ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಂತೂ ಸಂಪೂರ್ಣವಾಗಿ ನಂಜನ್ನೇ, ಎಂದರೆ ವಿಷಚಿಕಿತ್ಸೆಯನ್ನೇ ಕುರಿತದ್ದು. ಹಾವು ಕಚ್ಚಿದವನ ಸುತ್ತ ನಿಂತವರು ಆಡುವ ಭಾಷೆ ಕನ್ನಡ. ಮದ್ದು ನೆನಪಾಗಬೇಕಾದುದೂ ಆ ಭಾಷೆಯಲ್ಲಿಯೇ ಎಂಬ ವಿವೇಕ ಇವರಿಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಈ ನಡುವೆ ಯೂರೋಪಿನಲ್ಲಿ ನಡೆದುದನ್ನೂ ಸಂಗ್ರಹವಾಗಿ ಹೇಳಬೇಕು. 1656ರಲ್ಲಿ ಥಾಮಸ್ ವಾರ್ಟನ್ ಎಂಬ ಇಂಗ್ಲಿಷ್ ವೈದ್ಯನು ಕೊರಳ ಗ್ರಂಥಿಗೆ, ಗುರಾಣಿ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಥೈರಾಯಿಡ್ ಎಂದು ಹೆಸರಿಟ್ಟನು. ಅದು ಏತಕ್ಕಾಗಿ ಇದೆಯೆಂಬುದು ಬಹುಕಾಲ ಗೊತ್ತಾಗಲಿಲ್ಲ. 1835ರಲ್ಲಿ ಡಬ್ಲಿನ್ನಿನ ಗ್ರೇವ್ಸ್, 1840ರಲ್ಲಿ ಜರ್ಮನಿಯ ಮೆರ್ಸೆಬುರ್ಗ್ ಪಟ್ಟಣದ ಬಾಸೆಡೋ, ಗ್ರಂಥಿ ಅತಿಯಾಗಿ ಕೆಲಸ ಮಾಡುವ ರೋಗವನ್ನು ವರ್ಣಿಸಿದರು. ಊದಿದ ಕೊರಳು, ಹೊರಚಾಚಿದ ಕಣ್ಣು, ಓಡುವ ನಾಡಿ ಎಂಬ ಬಾಸೆಡೋನ ಮೂರು ಲಕ್ಷಣಗಳು ‘ಮೆರ್ಸೆಬುರ್ಗ್ ತ್ರಯ’ವೆಂದು ಪ್ರಸಿದ್ಧವಾದವು. ಮೂರೇ ಮಾತು, ಒಂದು ಊರಿನ ಹೆಸರು. ನೆನಪಿಗೆ ಅಷ್ಟು ಸಾಕಾಯಿತು.

ಗ್ರಂಥಿ ಸೋಮಾರಿಯಾಗುವ ರೋಗ ಅಷ್ಟು ಬೇಗ ಕಣ್ಣಿಗೆ ಬೀಳಲಿಲ್ಲ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ವಯಸ್ಕ ಸ್ತ್ರೀಯರಲ್ಲಿ ಮೆಲ್ಲಮೆಲ್ಲನೆ ಮೈ, ಮುಖ, ನುಡಿ, ಬುದ್ಧಿ ಎಲ್ಲವೂ ಜಡವಾಗುವ ಸ್ಥಿತಿಯೊಂದನ್ನು ಬಣ್ಣಿಸಿದನು. ಅದನ್ನು ಅವನು ಕಂಡುದು ಹೆಂಗಸರಲ್ಲಿ ಎಂಬುದು ಆಕಸ್ಮಿಕವಲ್ಲ. ಇಂದಿಗೂ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. 1891ರಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯಿಡ್ ಗ್ರಂಥಿಯ ರಸವನ್ನು ನಲವತ್ತಾರು ವರ್ಷದ ಇಂಥ ಒಬ್ಬ ಹೆಂಗಸಿಗೆ ಚುಚ್ಚಿದನು. ಮಂಕಾಗಿದ್ದವಳು ಚೇತರಿಸಿಕೊಂಡಳು; 1919ರವರೆಗೆ ಬದುಕಿದಳು. ಇಂದು ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಲಕ್ಷಾಂತರ ಜನ ನುಂಗುವ ಸಣ್ಣ ಮಾತ್ರೆಯ ಪೂರ್ವಚರಿತ್ರೆ ಇದು.

ಅಯೋಡಿನ್ನಿನ ಕಥೆ ಇದಕ್ಕೂ ಹಿಂದಿನದು. 1811ರಲ್ಲಿ ಕೂರ್ತ್ವಾ ಎಂಬ ಫ್ರೆಂಚನು ಕಡಲ ಪಾಚಿಯ ಬೂದಿಯಿಂದ ಅದನ್ನು ಕಂಡುಹಿಡಿದನು. 1820ರಲ್ಲಿ ಜಿನೀವಾದ ಕ್ವಾಂದೆ ಗಳಗಂಡಕ್ಕೆ ಅದನ್ನು ಕೊಟ್ಟು ಗುಣ ಕಂಡನು. ಸುದ್ದಿ ಹಬ್ಬಿತು. ಜನ ಹಿಂದುಮುಂದು ನೋಡದೆ ಕುಡಿದರು. ಅಳತೆ ಮೀರಿ ಕೆಲವರಿಗೆ ಅದೇ ವಿಷವಾಯಿತು. ಮದ್ದಿಗೆ ಕೆಟ್ಟ ಹೆಸರು ಬಂದು ಅದರ ಬಳಕೆ ಹಿಂದಕ್ಕೆ ಬಿದ್ದಿತು. 1895ರಲ್ಲಿ ಬೌಮನ್ ಎಂಬ ಜರ್ಮನ್ ರಸಾಯನಜ್ಞನು ಥೈರಾಯಿಡ್ ಗ್ರಂಥಿಯೊಳಗೇ ಅಯೋಡಿನ್ ಇರುವುದನ್ನು ಕಂಡನು. ನಮ್ಮ ದೇಹದಲ್ಲಿರುವ ಅಯೋಡಿನ್ನಿನ ಬಹುಪಾಲು ಕೊರಳಿನ ಈ ಪುಟ್ಟ ಗ್ರಂಥಿಯಲ್ಲಿಯೇ ನೆಲಸಿರುತ್ತದೆ. ಹೆಚ್ಚಾದರೆ ನಂಜಾಗುವ ವಸ್ತುವೊಂದು ಕೊರಳಿನಲ್ಲಿ ನಿಂತು ಒಡಲನ್ನು ಕಾಯುತ್ತಿರುವ ಈ ಸಂಗತಿಯನ್ನು ಕೇಳಿದಾಗ ನಂಜುಂಡನ ನೆನಪಾಗದಿರದು. ಪುರಾಣಕಾರರಿಗೆ ಇದೆಲ್ಲ ಮೊದಲೇ ತಿಳಿದಿತ್ತೆಂದು ಸಾಧಿಸಹೊರಡುವುದು ಸಲ್ಲದು. ಆದರೆ ಪಾಠವನ್ನು ನೆನಪಿಡಬೇಕಾದ ನಮ್ಮ ಕಡೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ?

ಅಳತೆಯ ಮಾತು ಬಂದಿತಷ್ಟೆ. ಈಗ ನದಿಯ ಜೊತೆಯಲ್ಲಿ ನರಸೀಪುರಕ್ಕೆ ಇಳಿಯೋಣ. ಸಂಗಮದ ಬಳಿಯ ನರಸಿಂಹಸ್ವಾಮಿಗೆ ಗುಂಜಾನರಸಿಂಹನೆಂದು ಹೆಸರು. ಗುಂಜೆಯೆಂದರೆ ಗುಲಗಂಜಿ. ದೇವರ ಕೈಯಲ್ಲಿ ಗುಲಗಂಜಿಯಿದೆಯೆಂದೂ, ಈ ಕ್ಷೇತ್ರದ ಮಹಿಮೆ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದೂ ಆಡಿಕೊಳ್ಳುವುದುಂಟು. ಆ ಕೆಂಪು ಕಾಳು ಅಕ್ಕಸಾಲಿಗನ ತಕ್ಕಡಿಯಲ್ಲಿ ಹೇಗೋ ಪಂಡಿತನ ತಕ್ಕಡಿಯಲ್ಲಿಯೂ ಹಾಗೆಯೇ ಮೊದಲ ತೂಕ. ತೊಲಕ್ಕೆ ತೊಂಬತ್ತಾರು ಗುಲಗಂಜಿಯೆಂಬ ಲೆಕ್ಕದಲ್ಲಿ ಒಂದಕ್ಕೆ ಸುಮಾರು 120 ಮಿಲಿಗ್ರಾಂ. ಅಗಿದು ನುಂಗಿದರೆ ಆ ಕಾಳೂ ಘೋರವಾದ ವಿಷವೇ.

ಈ ತೂಕದಿಂದ ಥೈರಾಯಿಡ್ಡಿನ ಲೆಕ್ಕವನ್ನು ಮಾಡಿ ನೋಡಬಹುದು. ವಯಸ್ಕನೊಬ್ಬನಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಂದರೆ ಒಂದು ಗುಲಗಂಜಿ ತೂಕದ ಅಯೋಡಿನ್ನು ಅವನಿಗೆ 800 ದಿನ, ಎರಡು ವರ್ಷಕ್ಕೂ ಮಿಕ್ಕಿ, ಸಾಕು. ಎಪ್ಪತ್ತು ವರ್ಷದ ಬಾಳಿಗೆ ಮೂವತ್ತೆರಡು ಗುಲಗಂಜಿ ತೂಕ ಆದರೆ ಮುಗಿಯಿತು. ಇಷ್ಟು ಅಲ್ಪ ವಸ್ತುವಿನ ಅಭಾವದಿಂದ ಕೊರಳು ಊದುತ್ತದೆ. ಗರ್ಭಿಣಿಯಲ್ಲಿ ತೀವ್ರ ಕೊರತೆಯಾದರೆ ಹುಟ್ಟುವ ಮಗುವಿನ ಬುದ್ಧಿಯೇ ಬೆಳೆಯದೆ ಹೋಗಬಹುದು. ಭಾರತ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆಯ ಎಲ್ಲ ವ್ಯಾಧಿಗಳನ್ನೂ ಒಳಗೊಂಡ ಹೆಸರು ಬಂದಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಕೂಡದೆಂಬ ನಿಯಮ 2006ರಿಂದ ದೇಶಕ್ಕೆಲ್ಲ ಅನ್ವಯವಾಯಿತು. ಮನೆಗೆ ಬರುವ ಉಪ್ಪಿನಲ್ಲಿ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು; ಹತ್ತು ಗ್ರಾಂ ಉಪ್ಪಿಗೆ 150. ಲೆಕ್ಕ ಸರಿಹೋಯಿತಲ್ಲ! ಈ ಲೆಕ್ಕ ಯಾವ ಲಕ್ಷಣಶ್ಲೋಕದಲ್ಲಿಯೂ ಇರಲಿಲ್ಲ.

ಇನ್ನು ಇಂದಿನ ವಿದ್ಯಾರ್ಥಿಗಳ ಗಂಟುಗಳನ್ನು ನೋಡೋಣ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜಿನಿಂದ ಮೊದಲ್ಗೊಂಡು ನಮ್ಮ ನಾಡಿನ ವೈದ್ಯಶಾಲೆಗಳಲ್ಲೆಲ್ಲ ಪಾಠ ಇಂಗ್ಲಿಷಿನಲ್ಲಿ. ಆದುದರಿಂದ ಲಯದ ಸ್ಥಾನವನ್ನು ಅಕ್ಷರಗಳು ಹಿಡಿದಿವೆ. ಗ್ರಂಥಿ ಅತಿಯಾಗಿ ಕೆಲಸ ಮಾಡುವ ರೋಗಕ್ಕೆ ‘ಥೈರಾಯ್ಡಿಸಮ್’ ಎಂಬ ಶಬ್ದದ ಇಂಗ್ಲಿಷ್ ಅಕ್ಷರಗಳನ್ನೇ ಒಂದೊಂದಾಗಿ ಬಿಡಿಸುತ್ತಾರೆ: ಕೈನಡುಕ, ಎದೆಬಡಿತ, ಚಡಪಡಿಕೆ, ಸೆಕೆ ತಾಳದಿರುವುದು, ಭೇದಿ, ಸಿಡುಕು, ಬೆವರು, ಮೈ ಇಳಿಯುವುದು ಇತ್ಯಾದಿ. ಅದರ ಕಣ್ಣಿನ ತೊಂದರೆಗೆ ‘ನೋ ಸ್ಪೆಕ್ಸ್’, ಕನ್ನಡಕವಿಲ್ಲ, ಎಂಬ ಸೂತ್ರ. ಏನೂ ಇಲ್ಲದಿರುವುದರಿಂದ ಹಿಡಿದು ದೃಷ್ಟಿನಾಶದವರೆಗೆ ಏಳು ಮೆಟ್ಟಿಲುಗಳನ್ನು ಅದರಲ್ಲಿ ಅಡಕ ಮಾಡಿ 1969ರಲ್ಲಿ ಪ್ರಕಟಿಸಿದವನು ಅಮೆರಿಕದ ವರ್ನರ್. ರೋಗ ಮಾತ್ರ ಎಲ್ಲರಲ್ಲಿಯೂ ಮೆಟ್ಟಿಲ ಕ್ರಮದಲ್ಲಿಯೇ ಏರುವುದಿಲ್ಲವೆಂದು ಮುಂದೆ ನೇತ್ರತಜ್ಞರು ಗಮನಿಸಿ ಬೇರೆ ಅಳತೆಗೋಲುಗಳನ್ನು ಮಾಡಿಕೊಂಡರು. ಸೂತ್ರ ಮಾತ್ರ ವಿದ್ಯಾರ್ಥಿಗಳ ನಾಲಗೆಯ ಮೇಲೆ ಉಳಿದುಕೊಂಡಿದೆ. ಸುಶ್ರುತನ ನದಿಗಳಿಗೆ ಆದ ಗತಿಯೇ ಇದಕ್ಕೂ.

ಗ್ರಂಥಿ ಮಂದವಾಗುವ ರೋಗದ ಸೂತ್ರವೇ ಎಲ್ಲಕ್ಕಿಂತ ಮನಸ್ಸಿಗೆ ನಾಟುವಂಥದು: ‘ಮಾಮ್ಸ್ ಸೋ ಟೈರ್ಡ್’. ಅಮ್ಮನಿಗೆ ಬಹಳ ದಣಿವು ಎಂದು ಅರ್ಥ. ಮರೆವು, ಮೈ ಬರುವುದು, ನಿಧಾನ, ಒಣಗಿದ ಚರ್ಮ, ದಣಿವು, ಚಳಿ ತಾಳದಿರುವುದು, ಖಿನ್ನತೆ ಎಲ್ಲವೂ ಆ ಅಕ್ಷರಗಳಲ್ಲಿ ಅಡಗಿವೆ. ಇವೆಲ್ಲ ಮೆಲ್ಲಮೆಲ್ಲನೆ ಬರುತ್ತವೆಂಬುದಕ್ಕೂ ಅಲ್ಲಿ ಒಂದು ಅಕ್ಷರವಿದೆ. ವಿದ್ಯಾರ್ಥಿ ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸುತ್ತಾನೆ. ಆದರೆ ನಮ್ಮ ಮನೆಗಳಲ್ಲಿ ‘ಅಮ್ಮನಿಗೆ ದಣಿವು’ ಎಂಬ ಮಾತು ಯಾರ ಕಿವಿಗೆ ಬೀಳುತ್ತದೆ? ವಯಸ್ಸಾಯಿತೆಂದು ಒಬ್ಬರು, ಮನೆಗೆಲಸವೆಂದು ಇನ್ನೊಬ್ಬರು, ಸೋಮಾರಿತನವೆಂದು ಮತ್ತೊಬ್ಬರು. ಆಕೆಯೂ ಹಾಗೆಯೇ ತಿಳಿದು ಸುಮ್ಮನಿರುತ್ತಾಳೆ. ದಣಿವೆಲ್ಲ ಥೈರಾಯಿಡ್ಡಿನದಲ್ಲ, ನಿಜ, ರಕ್ತಹೀನತೆಯಿರಬಹುದು, ಚಿಂತೆಯಿರಬಹುದು. ಆದರೆ ಥೈರಾಯಿಡ್ಡಿನದಾಗಿದ್ದರೆ ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಮೈಕ್ರೋಗ್ರಾಂ ಲೆಕ್ಕದ ಮಾತ್ರೆಯಿಂದ ಆಕೆ ಚೇತರಿಸಿಕೊಳ್ಳಬಲ್ಲಳು. ಕೇಳುವವರಿಲ್ಲದೆ ವರ್ಷಗಳು ಕಳೆದುಹೋಗುವುದೇ ಇದರಲ್ಲಿಯ ದುಃಖ.

ಮಂಗರಾಜನ ವಿವೇಕ ಇಲ್ಲಿ ಬೇಕಾಗುತ್ತದೆ. ನಂಜನಗೂಡು ತಾಲ್ಲೂಕಿನ ಹಳ್ಳಿಯಿಂದ ಬರುವ ಹೆಂಗಸು ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಬೇನೆಯನ್ನು ಹೇಳುವುದಿಲ್ಲ. ಆಕೆ ಹೇಳುವುದು ‘ಮೈಯೆಲ್ಲ ಭಾರ’, ‘ತಂಡಿ ತಡೆಯೋಕಾಗಲ್ಲ’ ಎಂದು. ಆ ಮಾತಿಗೆ ಸಲ್ಲುವ ಗಂಟು ಕನ್ನಡದಲ್ಲಿಯೇ ಇರಬಾರದೇಕೆ? ‘ಮಂದಗತಿ’ ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಮ ಎಂದರೆ ಮರೆವು, ಮಂಕು, ಮಲಬದ್ಧತೆ. ದ ಎಂದರೆ ದಣಿವು. ಗ ಎಂದರೆ ಗಂಟಲು ಗೊಗ್ಗರಾಗುವುದು. ತ ಎಂದರೆ ತೂಕ ಏರುವುದು, ತಂಡಿ ತಾಳದಿರುವುದು, ತ್ವಚೆ ಒಣಗುವುದು. ಇದಕ್ಕಿಂತ ಚೆನ್ನಾದುದನ್ನು ಬಲ್ಲವರು ಕಟ್ಟಿಯಾರು. ವೈದ್ಯವಿದ್ಯಾರ್ಥಿಗೆ ಮಾತ್ರವಲ್ಲ, ಆಶಾ ಕಾರ್ಯಕರ್ತೆಗೂ ಮನೆಯ ಮಗಳಿಗೂ ಇದು ನೆನಪಿದ್ದರೆ ನಷ್ಟವೇನು?

ಮಾಧವಕರನು ಅಂದು ಅಲ್ಪಬುದ್ಧಿಯವರಿಗೆಂದು ಬರೆದ ಪುಸ್ತಕವನ್ನು ಮಹಾಪಂಡಿತರೂ ಸಾವಿರ ವರ್ಷ ಓದಿದರು. ನೆನಪಿನ ಗಂಟನ್ನು ಹಗುರವಾಗಿ ಕಾಣುವುದು ಆದ್ದರಿಂದ ತರವಲ್ಲ. ಅದನ್ನು ಬಿಚ್ಚುವ ಹೊತ್ತು ಮಾತ್ರ ಪರೀಕ್ಷೆಯ ಕೊಠಡಿಯೊಂದೇ ಆಗಬಾರದು. ಮನೆಯಲ್ಲಿ ಅಮ್ಮ ಸುಸ್ತೆಂದು ಗೋಡೆಗೊರಗಿ ಕುಳಿತಾಗ, ಎಷ್ಟು ದಿನದಿಂದ ಹೀಗಾಗಿದೆಯಮ್ಮಾ ಎಂದು ಕೇಳಲು ಅದು ನೆನಪಿಗೆ ಬರಬೇಕು.